ಅಜ್ಜಿ ಎಂದರೆ ಯಾವ ಕಡೆಯವರು?

ಉಯಿಲು ಬರೆಯದೆ ತೀರಿಕೊಂಡ ಗಂಡಸಿನ ಆಸ್ತಿ ಯಾರಿಗೆ ಸಲ್ಲಬೇಕು ಎಂಬುದಕ್ಕೆ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ಅನುಸೂಚಿಯಲ್ಲಿ ಒಂದು ಪಟ್ಟಿಯಿದೆ. ಹೆಂಡತಿ, ಮಕ್ಕಳು, ತಾಯಿ ಮೊದಲಾದ ಒಂದನೆಯ ವರ್ಗದ ವಾರಸುದಾರರು ಯಾರೂ ಇಲ್ಲದಿದ್ದರೆ ಎರಡನೆಯ ವರ್ಗದ ಒಂಬತ್ತು ನಮೂದುಗಳನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಹೋಗಬೇಕು. ಅಲ್ಲಿ ತಂದೆಯ ತಾಯಿ ಐದನೆಯ ನಮೂದಿನಲ್ಲಿದ್ದಾಳೆ, ತಾಯಿಯ ತಾಯಿ ಎಂಟನೆಯದರಲ್ಲಿದ್ದಾಳೆ. ಮೇಲಿನ ನಮೂದಿನಲ್ಲಿ ಒಬ್ಬರು ಬದುಕಿದ್ದರೂ ಕೆಳಗಿನವರಿಗೆ ಪಾಲಿಲ್ಲವಾದ್ದರಿಂದ, ವಂಶವೃಕ್ಷ ಬರೆದು ಕೊಡುವವನು ‘ಅಜ್ಜಿ’ ಎಂದಷ್ಟೇ ಬರೆದರೆ ಬರೆಸಿಕೊಳ್ಳುವವನು ಪೆನ್ನು ಕೆಳಗಿಟ್ಟು, ‘ಯಾವ ಕಡೆಯ ಅಜ್ಜಿ?’ ಎಂದು ಕೇಳಲೇಬೇಕಾಗುತ್ತದೆ.

ಈ ಪ್ರಶ್ನೆಯನ್ನು ಕನ್ನಡದಲ್ಲಿ ಬೇರೆ ನಂಟರ ಬಗ್ಗೆ ಕೇಳುವ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ‘ಸೋದರಮಾವ’ ಎಂದ ಕೂಡಲೇ ಅವನು ತಾಯಿಯ ಒಡಹುಟ್ಟಿದವನೆಂದು ತಿಳಿಯುತ್ತದೆ. ‘ಚಿಕ್ಕಪ್ಪ’ ಎಂದಾಗ ಅವನು ತಂದೆಯ ತಮ್ಮನೋ ತಾಯಿಯ ತಂಗಿಯ ಗಂಡನೋ ಆಗಿರಬಹುದಾದರೂ ತಾಯಿಯ ತಮ್ಮನಂತೂ ಆಗಿರಲಾರ. ಅಕ್ಕ ತಂಗಿಯರನ್ನು, ಅಣ್ಣ ತಮ್ಮಂದಿರನ್ನು ವಯಸ್ಸಿನ ಪ್ರಕಾರ ಬೇರೆ ಬೇರೆ ಪದಗಳಿಂದಲೇ ಕರೆಯುತ್ತೇವೆ. ನಂಟಿನ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾಗಿರುವ ಭಾಷೆ ಒಂದು ಮೆಟ್ಟಿಲು ಮೇಲೆ ಹತ್ತಿದ ತಕ್ಷಣ ಏಕೆ ಸಡಿಲವಾಗಿ, ತಂದೆಯನ್ನು ಹೆತ್ತವಳನ್ನೂ ತಾಯಿಯನ್ನು ಹೆತ್ತವಳನ್ನೂ ಒಂದೇ ಪದದಲ್ಲಿ ಸೇರಿಸಿಬಿಡುತ್ತದೆ ಎಂಬುದು ಮೇಲ್ನೋಟಕ್ಕೆ ಕಾಣುವುದಕ್ಕಿಂತ ಸ್ವಾರಸ್ಯವಾದ ಪ್ರಶ್ನೆ.

ಇದಕ್ಕೆ ಉತ್ತರ ಮದುವೆಯ ಪದ್ಧತಿಯಲ್ಲಿದೆ ಎಂಬುದು ಮಾನವಶಾಸ್ತ್ರಜ್ಞರ ವಾದ. ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ 1871ರಲ್ಲಿ ಜಗತ್ತಿನ ನಾನಾ ಭಾಷೆಗಳ ಬಂಧುವಾಚಕಗಳನ್ನು ಕೋಷ್ಟಕಗಳಲ್ಲಿ ಜೋಡಿಸಿ ಪ್ರಕಟಿಸಿದಾಗ, ತಮಿಳು ಮತ್ತು ತೆಲುಗಿನ ಪಕ್ಕದಲ್ಲಿ ಕನ್ನಡವೂ ಇತ್ತು. ಅಲ್ಲಿಂದ ಮುಂದೆ ಈ ಭಾಷೆಗಳ ನಂಟಿನ ವ್ಯವಸ್ಥೆಗೆ ದ್ರಾವಿಡ ಪದ್ಧತಿ ಎಂಬ ಹೆಸರು ನಿಂತಿತು. 1953ರಲ್ಲಿ ಫ್ರಾನ್ಸಿನ ಲೂಯಿ ದ್ಯುಮೋ, ಈ ಪದಗಳು ರಕ್ತಸಂಬಂಧವನ್ನು ಮಾತ್ರವಲ್ಲದೆ ಮದುವೆಯ ಸಂಬಂಧವನ್ನೂ ಹೇಳುತ್ತವೆ ಎಂದು ವಿವರಿಸಿದರು. ಅವರ ಮಾತಿನ ತಿರುಳನ್ನು ನಮ್ಮ ಮನೆಯ ಪದಗಳಲ್ಲಿಯೇ ಹೇಳಬಹುದು: ತಂದೆತಾಯಿಯರ ತಲೆಮಾರಿನ ಗಂಡಸರೆಲ್ಲ ಒಂದೋ ‘ಅಪ್ಪ’ನ ಗುಂಪಿಗೆ ಸೇರುತ್ತಾರೆ, ಇಲ್ಲವೇ ‘ಮಾವ’ನ ಗುಂಪಿಗೆ ಸೇರುತ್ತಾರೆ, ಹೆಂಗಸರು ಒಂದೋ ‘ಅಮ್ಮ’, ಇಲ್ಲವೇ ‘ಅತ್ತೆ’. ದೊಡ್ಡಪ್ಪ, ಚಿಕ್ಕಪ್ಪ, ದೊಡ್ಡಮ್ಮ, ಚಿಕ್ಕಮ್ಮ ಎಂಬ ಪದಗಳೊಳಗೆ ಅಪ್ಪ ಅಮ್ಮ ಕುಳಿತಿರುವುದು ಆಕಸ್ಮಿಕವಲ್ಲ. ಅಪ್ಪ ಅಮ್ಮಂದಿರ ಗುಂಪಿನವರ ಮಕ್ಕಳು ಒಡಹುಟ್ಟಿದವರಂತೆ, ಅವರೊಡನೆ ಮದುವೆಯಾಗುವಂತಿಲ್ಲ. ಮಾವ ಅತ್ತೆಯರ ಮಕ್ಕಳೊಡನೆ ಮದುವೆಯಾಗಬಹುದು. ಹೆಂಡತಿಯ ತಂದೆಯನ್ನೂ ತಾಯಿಯ ಅಣ್ಣನನ್ನೂ ‘ಮಾವ’ ಎಂಬ ಒಂದೇ ಹೆಸರಿನಿಂದ ಕರೆಯುವುದು ಈ ಲೆಕ್ಕದ ಫಲ. ಹಾಗಾಗಿ ಈ ತಲೆಮಾರಿನಲ್ಲಿ ಗೆರೆ ಸ್ಪಷ್ಟವಾಗಿರಲೇಬೇಕು.

ಅಜ್ಜಿಯ ತಲೆಮಾರಿನಲ್ಲಿ ಆ ಗೆರೆ ತಾನಾಗಿಯೇ ಅಳಿಸಿಹೋಗುತ್ತದೆ. ಒಬ್ಬನು ತನ್ನ ಸೋದರಮಾವನ ಮಗಳನ್ನು ಮದುವೆಯಾದನೆಂದು ಇಟ್ಟುಕೊಳ್ಳಿ. ಅವರಿಗೆ ಹುಟ್ಟಿದ ಮಗುವಿಗೆ ತಂದೆಯ ತಾಯಿ ಮತ್ತು ತಾಯಿಯ ತಂದೆ ಒಡಹುಟ್ಟಿದ ಅಕ್ಕ ತಮ್ಮಂದಿರೋ ಅಣ್ಣ ತಂಗಿಯರೋ ಆಗಿರುತ್ತಾರೆ. ಅಂದರೆ ಅಪ್ಪನ ಕಡೆ, ಅಮ್ಮನ ಕಡೆ ಎಂಬ ಎರಡು ಕವಲುಗಳು ಅಜ್ಜ ಅಜ್ಜಿಯರ ಮಟ್ಟದಲ್ಲಿ ಒಂದೇ ಮನೆಯೊಳಗೆ ಕೂಡಿಕೊಳ್ಳುತ್ತವೆ. ಕರ್ನಾಟಕದ ಹಲವು ಸಮುದಾಯಗಳಲ್ಲಿ ನಡೆದುಬಂದಿರುವ ಅಕ್ಕನ ಮಗಳ ಮದುವೆಯನ್ನು ತೆಗೆದುಕೊಂಡರೆ ಚಿತ್ರ ಇನ್ನೂ ಬಿಗಿಯಾಗುತ್ತದೆ. ಅಂಥ ಮನೆಯ ಮಗುವಿಗೆ ತಾಯಿಯ ತಾಯಿಯೇ ತಂದೆಯ ಅಕ್ಕ. ತಂದೆಯ ತಾಯಿಯೇ ತಾಯಿಯ ತಾಯಿಯ ತಾಯಿ. ಒಂದೇ ಮುದುಕಿ ಆ ಮಗುವಿಗೆ ಒಂದು ದಾರಿಯಲ್ಲಿ ಅಜ್ಜಿ, ಇನ್ನೊಂದು ದಾರಿಯಲ್ಲಿ ಮುತ್ತಜ್ಜಿ. ಇಂಥಲ್ಲಿ ‘ಯಾವ ಕಡೆಯ ಅಜ್ಜಿ’ ಎಂಬ ಪ್ರಶ್ನೆಗೆ ‘ಎರಡೂ ಕಡೆಯ’ ಎಂಬುದೇ ಸರಿಯಾದ ಉತ್ತರ. ಎರಡು ಮಾತಿನ ಅಗತ್ಯವಿಲ್ಲದ ಕಡೆ ಭಾಷೆ ಒಂದೇ ಮಾತನ್ನು ಇಟ್ಟುಕೊಂಡಿತು.

ಈ ವಾದವನ್ನು ಅತಿಗೆ ಎಳೆಯಬಾರದು. ಸೋದರಿಕೆಯ ಮದುವೆ ಎಲ್ಲ ಕನ್ನಡಿಗರ ಪದ್ಧತಿಯೂ ಅಲ್ಲ, ಇಂದು ಅದು ಕಡಿಮೆಯಾಗುತ್ತಲೂ ಇದೆ. ಅಲ್ಲದೆ ಇಂಗ್ಲಿಷ್ ಕೂಡ ಇಬ್ಬರು ಅಜ್ಜಿಯರನ್ನು ಒಂದೇ ಪದದಿಂದ ಕರೆಯುತ್ತದೆ, ಅಲ್ಲಿ ಇಂಥ ಮದುವೆಯ ಲೆಕ್ಕವಿಲ್ಲ. ಆದರೆ ಇಂಗ್ಲಿಷ್ ಚಿಕ್ಕಪ್ಪನನ್ನೂ ಮಾವನನ್ನೂ ಬೇರೆ ಮಾಡುವುದಿಲ್ಲ, ಅದರ ಸಡಿಲತೆ ಎಲ್ಲ ಮೆಟ್ಟಿಲುಗಳಲ್ಲೂ ಒಂದೇ ಸಮನಾಗಿದೆ. ಕನ್ನಡ ಕೆಳಗಿನ ಮೆಟ್ಟಿಲಲ್ಲಿ ಬಿಗಿಯಾಗಿ, ಮೇಲಿನದರಲ್ಲಿ ಸಡಿಲವಾಗಿರುವುದೇ ಇಲ್ಲಿ ಸಾಕ್ಷಿ. ಇದಕ್ಕೆ ಇನ್ನೊಂದು ಸಾಕ್ಷಿಯನ್ನು ಮೊಮ್ಮಕ್ಕಳು ಕೊಡುತ್ತಾರೆ: ಮಗನ ಮಗನೂ ಮೊಮ್ಮಗ, ಮಗಳ ಮಗನೂ ಮೊಮ್ಮಗ. ನಡುವಿನಿಂದ ಎರಡು ಮೆಟ್ಟಿಲು ಮೇಲೆ ಹೋದರೂ ಎರಡು ಮೆಟ್ಟಿಲು ಕೆಳಗೆ ಇಳಿದರೂ ಕಡೆಯ ಭೇದ ಕರಗುತ್ತದೆ. ಹಿಂದಿಯಲ್ಲಿ ದಾದಿ ಬೇರೆ, ನಾನಿ ಬೇರೆ. ಮೊಮ್ಮಕ್ಕಳಿಗೂ ಅಲ್ಲಿ ಎರಡು ಬಗೆಯ ಹೆಸರುಗಳಿವೆ. ಸಂಸ್ಕೃತದಲ್ಲಿ ಪಿತಾಮಹಿ, ಮಾತಾಮಹಿ, ಪೌತ್ರ, ದೌಹಿತ್ರ ಎಂಬ ವಿಂಗಡಣೆಯಿದೆ. ಆ ಪದಗಳು ಕನ್ನಡಕ್ಕೂ ಬಂದಿವೆ. ಆದರೆ ಅವುಗಳ ಜಾಗ ತರ್ಪಣದ ಸಂಕಲ್ಪ, ಹಳೆಯ ದಾನಪತ್ರ, ಧರ್ಮಶಾಸ್ತ್ರದ ಚರ್ಚೆ. ಊಟಕ್ಕೆ ಬಡಿಸು ಎಂದು ಪಿತಾಮಹಿಯನ್ನು ಯಾರೂ ಕರೆದಿರಲಾರರು.

ತಮಾಷೆಯೆಂದರೆ, ಮದುವೆಯ ಲೆಕ್ಕದಲ್ಲಿ ಇಷ್ಟು ಅಚ್ಚ ದ್ರಾವಿಡವಾಗಿ ನಡೆದುಕೊಳ್ಳುವ ಈ ಪದದ ಮೂಲ ಬಹುಶಃ ದ್ರಾವಿಡದಲ್ಲ. ಸಂಸ್ಕೃತದ ‘ರ್ಯ’ ಪ್ರಾಕೃತದಲ್ಲಿ ‘ಜ್ಜ’ ಆಗುತ್ತದೆ, ಅದರ ಹಿಂದಿನ ದೀರ್ಘ ಸ್ವರ ಹ್ರಸ್ವವಾಗುತ್ತದೆ. ‘ಕಾರ್ಯ’ ಹೀಗೆಯೇ ‘ಕಜ್ಜ’ವಾಗಿ ಕನ್ನಡಕ್ಕೆ ಬಂತು. ಸ್ವಲ್ಪ ಬೇರೆ ದಾರಿಯಲ್ಲಿ ‘ಉಪಾಧ್ಯಾಯ’ ಸವೆದು ‘ಒಜ್ಜ’ನಾದ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ವ್ಯಾಕರಣದಲ್ಲಿ ಇಂಥ ತದ್ಭವಗಳಿಗೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟಿದ್ದಾನೆ. ಅದೇ ನಿಯಮದಂತೆ ‘ಆರ್ಯ’ ಎಂಬುದು ‘ಅಜ್ಜ’ ಆಗುತ್ತದೆ, ‘ಆರ್ಯಾ’ ಅಥವಾ ‘ಆರ್ಯಿಕಾ’ ಎಂಬುದು ‘ಅಜ್ಜಿ’ ಆಗುತ್ತದೆ. ಪಾಲಿ ಭಾಷೆಯಲ್ಲಿ ಅಜ್ಜನಿಗೆ ‘ಅಯ್ಯಕ’ ಎಂಬ ಪದವಿದೆ. ಮರಾಠಿಯಲ್ಲಿ ಇಂದಿಗೂ ‘ಆಜಾ’, ‘ಆಜಿ’ ಇವೆ. ಸಂಸ್ಕೃತದಲ್ಲಿ ‘ಆರ್ಯ’ ಎಂದರೆ ಪೂಜ್ಯ, ಗೌರವಕ್ಕೆ ತಕ್ಕವನು. ಮನೆಯಲ್ಲಿ ಗೌರವಕ್ಕೆ ತಕ್ಕ ಹಿರಿಯಳು ಯಾರೋ ಅವಳೇ ಅಜ್ಜಿ.

ಹಾಗೆಂದು ಎದುರುಪಕ್ಷಕ್ಕೆ ವಾದವೇ ಇಲ್ಲವೆಂದಲ್ಲ. ಮಲಯಾಳದಲ್ಲಿ ತಂದೆಗೆ ‘ಅಚ್ಛನ್’ ಎನ್ನುತ್ತಾರೆ, ಆ ಗುಂಪಿನ ಪದಗಳೊಡನೆ ನಮ್ಮ ಅಜ್ಜ ಅಜ್ಜಿಯರನ್ನು ಸೇರಿಸಿ ನೋಡುವುದಕ್ಕೂ ಎಡೆಯಿದೆ. ಅದಕ್ಕಿಂತ ದೊಡ್ಡ ತೊಡಕೆಂದರೆ ಬಂಧುವಾಚಕಗಳ ಸ್ವಭಾವ. ಭಾಷಾವಿಜ್ಞಾನಿ ರೋಮನ್ ಯಾಕಬ್ಸನ್ 1960ರಲ್ಲಿ ತೋರಿಸಿಕೊಟ್ಟಂತೆ, ತಾಯಿ ತಂದೆಯರನ್ನು ಕರೆಯುವ ಪದಗಳು ಒಂದಕ್ಕೊಂದು ಸಂಬಂಧವೇ ಇಲ್ಲದ ಭಾಷೆಗಳಲ್ಲಿಯೂ ಒಂದೇ ತೆರನಾಗಿರುತ್ತವೆ, ಏಕೆಂದರೆ ಅವು ಕೂಸು ಮೊದಲು ಆಡಬಲ್ಲ ಸದ್ದುಗಳಿಂದ ಆದವು. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅತ್ತೆ, ಅಜ್ಜಿ ಎಂದು ಸಾಲಾಗಿ ಬರೆದು ನೋಡಿದರೆ ಎಲ್ಲವೂ ‘ಅ’ದಿಂದ ಆರಂಭವಾಗಿ ನಡುವೆ ಒಂದು ಒತ್ತಕ್ಷರವನ್ನು ಇಟ್ಟುಕೊಂಡಿರುವುದು ಕಣ್ಣಿಗೆ ಬೀಳುತ್ತದೆ. ನನಗೆ ತೋರುವುದೇನೆಂದರೆ, ಪ್ರಾಕೃತದಿಂದ ಬಂದ ‘ಅಜ್ಜಿ’ ಈ ಸಾಲಿನಲ್ಲಿ ಹೇಳಿಮಾಡಿಸಿದಂತೆ ಕೂತಿದ್ದರಿಂದಲೇ ಅದು ಹೊರಗಿನದೆಂದು ಯಾರಿಗೂ ಅನಿಸಲಿಲ್ಲ. ಗಂಡಿಗೆ ‘ಅ’, ಹೆಣ್ಣಿಗೆ ‘ಇ’ ಎಂಬ ಜೋಡಿಯೂ ಮುದುಕ ಮುದುಕಿ, ಹುಡುಗ ಹುಡುಗಿ ಎಂಬ ಪರಿಚಿತ ಅಚ್ಚಿನಲ್ಲಿಯೇ ಇದೆ. ಬಹುವಚನದಲ್ಲಿಯೂ ಅಣ್ಣಂದಿರು, ಅಮ್ಮಂದಿರು ಎಂಬ ನಂಟಿನ ಪದಗಳ ಜೊತೆಗೆ ಅಜ್ಜಂದಿರು ಸರಾಗವಾಗಿ ಸೇರಿಕೊಂಡರು.

ಪೂಜ್ಯ ಎಂಬ ಹಳೆಯ ಅರ್ಥ ಪೂರ್ತಿ ಸತ್ತಿಲ್ಲ. ಉತ್ತರ ಕರ್ನಾಟಕದಲ್ಲಿ ಮಠದ ಸ್ವಾಮಿಗಳನ್ನು ‘ಅಜ್ಜ’, ‘ಅಜ್ಜಾರು’ ಎಂದು ಕರೆಯುತ್ತಾರೆ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ ಜನರ ಬಾಯಲ್ಲಿ ‘ಅಜ್ಜನ ಜಾತ್ರೆ’. ಆ ಸ್ವಾಮಿಗಳಿಗೆ ಮೂವತ್ತು ವರ್ಷವಾಗಿದ್ದರೂ ಅವರು ಅಜ್ಜನೇ, ಅಲ್ಲಿ ವಯಸ್ಸಿನ ಮಾತಿಲ್ಲ. ತುಳುನಾಡಿನಲ್ಲಿ ಕೊರಗಜ್ಜ ದೈವ. ಹೆಣ್ಣಿನ ರೂಪಕ್ಕೆ ಈ ಭಾಗ್ಯ ಅಷ್ಟಾಗಿ ದಕ್ಕಲಿಲ್ಲವಾದರೂ, ದಿಗಂಬರ ಜೈನರಲ್ಲಿ ದೀಕ್ಷೆ ಪಡೆದ ಸಾಧ್ವಿಯರನ್ನು ಇಂದಿಗೂ ‘ಆರ್ಯಿಕೆ’ ಎನ್ನುತ್ತಾರೆ; ಸವೆಯದೆ ಉಳಿದ ಆ ಪದ ಮತ್ತು ಸವೆದು ಅಡುಗೆಮನೆಗೆ ಬಂದ ಅಜ್ಜಿ, ಎರಡೂ ಒಂದೇ ಬೇರಿನವು. ದಾವಣಗೆರೆ, ಚಿತ್ರದುರ್ಗದ ಕಡೆ ಆಷಾಢದ ಹೊತ್ತಿಗೆ ರೋಗರುಜಿನಗಳು ಊರಿಗೆ ಬಾರದಿರಲೆಂದು ಆಚರಿಸುವ ‘ಅಜ್ಜಿ ಹಬ್ಬ’ದಲ್ಲಿ ಅಜ್ಜಿಯೇ ದೇವತೆ.

‘ಅಜ್ಜಿ’ ಎಲ್ಲ ಕನ್ನಡಿಗರಿಗೂ ತಿಳಿಯುವ ಪದವಾದರೂ ಎಲ್ಲ ಮನೆಗಳ ಪದವಲ್ಲ. ಕಲಬುರಗಿ, ವಿಜಯಪುರದ ಕಡೆಯ ಮೊಮ್ಮಗ ಅಜ್ಜನನ್ನು ‘ಮುತ್ಯಾ’ ಎಂದೂ ಅಜ್ಜಿಯನ್ನು ‘ಆಯಿ’ ಎಂದೂ ಕರೆಯುತ್ತಾನೆ. ಅದೇ ‘ಆಯಿ’ ಉತ್ತರ ಕನ್ನಡದ ಹವ್ಯಕರ ಮನೆಯಲ್ಲಿ ಹೆತ್ತ ತಾಯಿ, ಮರಾಠಿಯಲ್ಲಿಯೂ ತಾಯಿಯೇ. ಧಾರವಾಡದ ಸುತ್ತಿನ ಎಷ್ಟೋ ಮನೆಗಳಲ್ಲಿ ತಾಯಿ ‘ಅವ್ವ’ ಮತ್ತು ಅಜ್ಜಿ ‘ಅಮ್ಮ’. ‘ಅಮ್ಮ ಕರೀಲಿಕ್ಹತ್ತ್ಯಾಳ’ ಎಂದು ಅಲ್ಲಿಯ ಹುಡುಗ ಹೇಳಿದರೆ ಮೈಸೂರಿನ ಅತಿಥಿ ತಪ್ಪು ಹೆಂಗಸಿನ ಕಡೆ ತಿರುಗುತ್ತಾನೆ. ತೆಲುಗಿನ ರಾಯಲಸೀಮೆಗೆ ಹೋದರೆ ‘ಅವ್ವ’ ಎಂಬುದೇ ಅಜ್ಜಿಯ ಹೆಸರು. ಕೊಡವ ಭಾಷೆಯಲ್ಲಿ ತಾಯಿಯನ್ನು ‘ಅವ್ವ’ ಎಂಬ ಪದದ ಒಂದು ರೂಪದಿಂದ ಕರೆಯುತ್ತಾರೆ, ‘ತಾಯಿ’ ಎಂದರೆ ಅಜ್ಜಿ. ತಮಿಳಿನ ಪ್ರಾಚೀನ ಕವಯಿತ್ರಿ ಅವ್ವೈಯಾರ್ ಎಂಬ ಹೆಸರಿನೊಳಗೂ ಇದೇ ‘ಅವ್ವ’ ಇದ್ದಾಳೆ. ಜನರ ಕಲ್ಪನೆಯ ಚಿತ್ರಗಳಲ್ಲಿ ಅವಳು ಕೋಲು ಹಿಡಿದ ಮುದುಕಿ.

ತಾಯಿಯ ಪದಗಳು ಹೀಗೆ ಒಂದು ಮೆಟ್ಟಿಲು ಮೇಲಕ್ಕೆ ಜಾರುವುದಕ್ಕೆ ಕಾರಣವನ್ನು ಬಹಳ ದೂರ ಹುಡುಕಬೇಕಾಗಿಲ್ಲ. ಕೂಡುಕುಟುಂಬದಲ್ಲಿ ಮಗು ಕಲಿಯುವುದು ಕೇಳಿದ್ದನ್ನು. ಅಪ್ಪ, ಚಿಕ್ಕಪ್ಪ, ಅತ್ತೆ ಎಲ್ಲರೂ ಆ ಹಿರಿಯಳನ್ನು ‘ಅಮ್ಮ’ ಎಂದು ಕರೆಯುತ್ತಿರುವಾಗ ಮಗುವೂ ಹಾಗೆಯೇ ಕರೆಯುತ್ತದೆ. ಆಗ ಹೆತ್ತವಳಿಗೆ ಬೇರೆ ಹೆಸರು ಬೇಕಾಗುತ್ತದೆ. ಸೊಸೆಯನ್ನು ಮನೆಯವರೆಲ್ಲ ‘ಅಕ್ಕ’ ಅಥವಾ ‘ಅತ್ತಿಗೆ’ ಎಂದು ಕರೆಯುವ ಮನೆಗಳಲ್ಲಿ ಮಕ್ಕಳೂ ತಾಯಿಯನ್ನು ಅಕ್ಕ, ಅತ್ತಿಗೆ ಎಂದೇ ಕರೆದು ಬೆಳೆದದ್ದುಂಟು. ಹೀಗೆ ಜಾರಿದ ಪದಗಳಿಗೆ ಒಂದು ವಿಶೇಷವಿದೆ: ಅವು ಸಾಮಾನ್ಯವಾಗಿ ಅಪ್ಪನ ತಾಯಿಗೆ ಅಂಟಿಕೊಳ್ಳುತ್ತವೆ, ಏಕೆಂದರೆ ಒಂದೇ ಸೂರಿನಡಿ ಇರುವವಳು ಅವಳೇ. ತಾಯಿಯ ತಾಯಿಯನ್ನು ಮಾತ್ರ ಹೆಸರಿಸುವ ‘ಅಮ್ಮಮ್ಮ’ ಕರಾವಳಿಯಲ್ಲಿದೆ. ತೆಲುಗರಲ್ಲಿಯೂ ಅದೇ ಪದವಿದ್ದು, ಅಪ್ಪನ ತಾಯಿಗೆ ‘ನಾನಮ್ಮ’ ಎಂಬ ಜೋಡಿಯಿದೆ. ಇವು ಕಡೆಯನ್ನು ಹೇಳುತ್ತವೆ ನಿಜ, ಆದರೆ ಅಮ್ಮನ ಅಮ್ಮ, ನಾನ್ನನ ಅಮ್ಮ ಎಂದು ಬಿಡಿಸಿ ಹೇಳಿದ ವಿವರಣೆಗಳು. ದಾದಿ, ನಾನಿಗಳಂತೆ ಒಡೆಯಲಾಗದ ಪದಗಳಲ್ಲ.

ಪದ ಹೇಳದಿದ್ದುದನ್ನು ಬಳಕೆ ಹೇಳುತ್ತದೆ. ‘ರಜೆಗೆ ಅಜ್ಜಿ ಮನೆಗೆ ಹೋಗಿದ್ದೆ’ ಎಂದು ಮಗು ಹೇಳಿದರೆ, ಅದು ತಾಯಿಯ ತವರು ಎಂದು ಯಾರೂ ವಿವರಿಸಬೇಕಾಗಿಲ್ಲ. ಅಪ್ಪನ ತಾಯಿಯ ಮನೆ ತನ್ನದೇ ಮನೆಯಾದ್ದರಿಂದ ಅಲ್ಲಿಗೆ ಹೋಗುವ ಮಾತೇ ಬರುವುದಿಲ್ಲ. ಮದುವೆಯಾದ ಹೆಣ್ಣು ಗಂಡನ ಮನೆಗೆ ಹೋಗುತ್ತಾಳೆ ಎಂಬ ಒಂದು ಸಾಮಾಜಿಕ ಸಂಗತಿ, ‘ಅಜ್ಜಿ’ ಎಂಬ ನಿರ್ಲಿಪ್ತ ಪದಕ್ಕೆ ‘ಮನೆ’ ಸೇರಿದ ಕ್ಷಣದಲ್ಲಿ ಕಡೆಯನ್ನು ತಂದುಕೊಡುತ್ತದೆ. ಹೆರಿಗೆಗೆ ಮಗಳು ಬರುವುದೂ ಆ ಮನೆಗೇ ಆದ್ದರಿಂದ, ಎಷ್ಟೋ ಜನರ ಜನನ ಪ್ರಮಾಣಪತ್ರದಲ್ಲಿರುವ ಊರು ಅಜ್ಜಿ ಮನೆಯ ಊರಾಗಿರುತ್ತದೆ. ಅಪ್ಪ ಕೆಲಸಕ್ಕಾಗಿ ನಗರಕ್ಕೆ ಬಂದು ನೆಲೆಸಿದ ಮೇಲೆ ಈ ಅರ್ಥ ಸ್ವಲ್ಪ ಅಲುಗಾಡಿತು. ಈಗ ಎರಡೂ ಅಜ್ಜಿಯರ ಮನೆಗೆ ಬಸ್ಸು ಹತ್ತಿಯೇ ಹೋಗಬೇಕು. ಆಗ ಊರಿನ ಹೆಸರು ಸಹಾಯಕ್ಕೆ ಬರುತ್ತದೆ. ಶಿರಸಿ ಅಜ್ಜಿ, ತುಮಕೂರಜ್ಜಿ, ಹಳ್ಳಿ ಅಜ್ಜಿ ಎಂದು ಮಕ್ಕಳು ಅಜ್ಜಿಯರನ್ನು ವಿಳಾಸದ ಪ್ರಕಾರ ಬೇರ್ಪಡಿಸುತ್ತಾರೆ. ಅಜ್ಜಿಯ ಅಕ್ಕ ತಂಗಿಯರು ದೊಡ್ಡಜ್ಜಿ, ಚಿಕ್ಕಜ್ಜಿಯರಾಗುತ್ತಾರೆ.

ವ್ಯಕ್ತಿಯ ಹೆಸರಿಗೇ ಸೇರಿಕೊಂಡಾಗ ಈ ಪದ ನಂಟನ್ನು ಬಿಟ್ಟು ಗೌರವದ ಪ್ರತ್ಯಯದಂತಾಗುತ್ತದೆ. ಅಂಕೋಲೆಯ ಸೀಮೆಯ ಹಾಲಕ್ಕಿ ಸಮುದಾಯದ ಜನಪದ ಗಾಯಕಿ, 2017ರಲ್ಲಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡ ನಾಡಿಗೆಲ್ಲ ‘ಸುಕ್ರಜ್ಜಿ’ ಆದರು. ಗಿಡ ನೆಟ್ಟು ಬೆಳೆಸಿದ ತುಳಸಿ ಗೌಡ ‘ತುಳಸಜ್ಜಿ’ ಆದರು. ಸುಕ್ರಿ, ತುಳಸಿ ಎಂಬ ಹೆಸರುಗಳ ಕೊನೆಯ ‘ಇ’ ಅಳಿದು ಅಜ್ಜಿ ಅಲ್ಲಿ ಕೂತಿರುವುದು ಶಾಲೆಯಲ್ಲಿ ಕಲಿತ ಲೋಪಸಂಧಿಯೇ. ಮರ ಬೆಳೆಸಿದ ಇನ್ನೊಬ್ಬ ಹಿರಿಯಳು, ಸಾಲುಮರದ ತಿಮ್ಮಕ್ಕ, ನೂರು ದಾಟಿದ ಮೇಲೂ ಅಕ್ಕನಾಗಿಯೇ ಉಳಿದರು. ಹೆಸರಿನೊಳಗೆ ಒಮ್ಮೆ ‘ಅಕ್ಕ’ ಸೇರಿಬಿಟ್ಟರೆ ವಯಸ್ಸು ಅದನ್ನು ಕದಲಿಸಲಾರದು.

ಗುರುತಿಲ್ಲದ ವೃದ್ಧೆಯನ್ನು ಬಸ್ಸಿನಲ್ಲಿಯೋ ಆಸ್ಪತ್ರೆಯ ಸಾಲಿನಲ್ಲಿಯೋ ‘ಅಜ್ಜಿ, ಇಲ್ಲಿ ಕೂತ್ಕೊಳ್ಳಿ’ ಎಂದು ಕರೆಯುವುದು ಮರ್ಯಾದೆಯ ಮಾತು. ‘ಮುದುಕಿ’ ಎಂದರೆ ವಯಸ್ಸನ್ನು ಎದುರಿಗೆ ಎತ್ತಿ ಹೇಳಿದಂತೆ. ‘ಅಜ್ಜಿ’ ಎಂದರೆ ಅದೇ ವಯಸ್ಸಿಗೆ ಒಂದು ನಂಟಿನ ಹೊದಿಕೆ ಹೊದಿಸಿದಂತೆ. ಆದರೆ ಈ ಹೊದಿಕೆ ಎಲ್ಲರಿಗೂ ಹಿತವಲ್ಲ. ಐವತ್ತೈದರ ಹೆಂಗಸನ್ನು ತರಕಾರಿಯವನು ಮೊದಲ ಬಾರಿಗೆ ‘ಅಜ್ಜಿ’ ಎಂದ ದಿನ ಅವಳು ಅದನ್ನು ಮನೆಗೆ ಬಂದು ಹೇಳಿಕೊಳ್ಳದೆ ಇರುವುದಿಲ್ಲ. ಸಂದೇಹವಿದ್ದಾಗ ‘ಅಮ್ಮ’ ಎನ್ನುವುದೇ ಕ್ಷೇಮ, ಆ ಪದಕ್ಕೆ ಮೇಲ್ಮಿತಿಯಿಲ್ಲ. ಸುದ್ದಿಯ ಭಾಷೆಯಲ್ಲಿಯೂ ಒಂದು ಅಲಿಖಿತ ನಿಯಮ ಕಾಣುತ್ತದೆ: ಅಪಘಾತದಲ್ಲಿ ಗಾಯಗೊಂಡವಳು ‘ವೃದ್ಧೆ’, ಎಂಬತ್ತನೆಯ ವಯಸ್ಸಿನಲ್ಲಿ ಬೆಟ್ಟ ಹತ್ತಿದವಳು ‘ಅಜ್ಜಿ’.

ಕ್ರಿಯಾಪದವನ್ನು ಗಮನಿಸಿದರೆ ಇನ್ನೊಂದು ಸೂಕ್ಷ್ಮ ಹೊರಬೀಳುತ್ತದೆ. ‘ಅಜ್ಜಿ ಬಂದರು’ ಎಂಬುದು ಗೌರವ, ‘ಅಜ್ಜಿ ಬಂದಳು’ ಎಂಬುದು ಸಲಿಗೆ ಅಥವಾ ಕಥೆಯ ಭಾಷೆ, ‘ಅಜ್ಜಿ ಬಂತು’ ಎಂಬುದು ಮೂರನೆಯದು. ಹೆಣ್ಣಿಗೆ ನಪುಂಸಕಲಿಂಗವನ್ನು ಬಳಸುವುದು ಹವ್ಯಕ ಕನ್ನಡದಲ್ಲಿ ಸಹಜ ನಡೆ, ಅಲ್ಲಿ ಅದಕ್ಕೆ ಅಗೌರವದ ಅರ್ಥವೇ ಇಲ್ಲ. ಬಯಲುಸೀಮೆಯ ಹಳ್ಳಿಮಾತಿನಲ್ಲಿ ‘ಪಾಪ, ಆ ಅಜ್ಜಿ ಒಂದೇ ಇತ್ತು’ ಎಂದಾಗ ಬರುವ ನಪುಂಸಕ ಬೇರೆ ಬಗೆಯದು. ಮಗುವಿನ ಬಗ್ಗೆ ‘ಅತ್ತಿತು, ಮಲಗಿತು’ ಎನ್ನುವಾಗ ಇರುವ ಕನಿಕರವೇ ಅಲ್ಲಿ ಮುದುಕಿಯ ಕಡೆಗೂ ಹರಿದಿರುತ್ತದೆ. ಮುಖಾಮುಖಿ ಮಾತಿನಲ್ಲಿ ಅಜ್ಜಿಗೆ ‘ನೀನು’ ಎನ್ನುವ ಮನೆಗಳು ಬಹಳ. ಅಜ್ಜನಿಗೆ ‘ನೀವು’, ಅಜ್ಜಿಗೆ ‘ನೀನು’ ಎನ್ನುವ ಮಗು ಅದೇ ಉಸಿರಿನಲ್ಲಿ ಅಪ್ಪನಿಗೆ ‘ನೀವು’, ಅಮ್ಮನಿಗೆ ‘ನೀನು’ ಎನ್ನುತ್ತಿರುತ್ತದೆ. ಇದನ್ನು ಸಲಿಗೆ ಎಂದು ಮೆಚ್ಚುವುದೋ, ಹೆಂಗಸರಿಗೆ ಬಹುವಚನವನ್ನು ಉಳಿಸಿಕೊಡದ ಅಭ್ಯಾಸವೆಂದು ಗುರುತಿಸುವುದೋ ಎಂದು ಕೇಳಿದರೆ, ಎರಡೂ ನಿಜವೆಂದೇ ನಾನು ಹೇಳುತ್ತೇನೆ.

ನುಡಿಗಟ್ಟುಗಳಿಗೆ ಬಂದರೆ ಮೊದಲು ನೆನಪಾಗುವವಳು ಅಡುಗೂಲಜ್ಜಿ. ‘ಅಡು’ ಎಂದರೆ ಅಡುಗೆ ಮಾಡು. ದಾರಿಹೋಕರಿಗೆ ಕೂಳು ಬೇಯಿಸಿ ಹಾಕಿ, ಅದರಿಂದಲೇ ಬದುಕುವ ಈ ಒಂಟಿ ಮುದುಕಿ ಜನಪದ ಕಥೆಗಳಲ್ಲಿ ಮತ್ತೆ ಮತ್ತೆ ಬರುತ್ತಾಳೆ. ಅಪರಿಚಿತ ಪಟ್ಟಣಕ್ಕೆ ಬಂದ ರಾಜಕುಮಾರ ಇಳಿದುಕೊಳ್ಳುವುದು ಅವಳ ಮನೆಯಲ್ಲಿ, ಅರಮನೆಯ ಒಳಗಿನ ಸುದ್ದಿ ಅವನಿಗೆ ಸಿಗುವುದು ಅವಳ ಬಾಯಿಂದ. ಅವಳು ಯಾರಿಗೂ ಅಜ್ಜಿಯಲ್ಲ, ಅವಳಿಗೆ ಮೊಮ್ಮಕ್ಕಳಿಲ್ಲ, ಊರಿಗೆಲ್ಲ ಅಜ್ಜಿ. ಆದರೆ ‘ಅಡುಗೂಲಜ್ಜಿ ಕಥೆ’ ಎಂಬ ಮಾತು ಇಂದು ನಂಬಲಾಗದ ಹಳೆಯ ಕಂತೆ ಎಂಬ ಅರ್ಥಕ್ಕೆ ಇಳಿದಿದೆ. ಮುದುಕಿಯರ ತಿಳಿವಳಿಕೆಯನ್ನು ಹಗುರವಾಗಿ ಕಾಣುವ ಅಭ್ಯಾಸ ಕನ್ನಡಕ್ಕಷ್ಟೇ ಸೀಮಿತವಲ್ಲವಾದರೂ, ಕನ್ನಡದಲ್ಲಿ ಅದಕ್ಕೆ ಬಲಿಯಾದವಳು ಇವಳು.

ಗಾದೆಗಳಲ್ಲಿ ಅಜ್ಜಿ ಅಷ್ಟೇನೂ ಪೂಜೆಗೊಳ್ಳುವುದಿಲ್ಲ. ‘ಅಜ್ಜಿಗೆ ಅರಿವೆ ಚಿಂತೆ, ಮಗಳಿಗೆ ಗಂಡನ ಚಿಂತೆ’ ಎಂಬುದು ಒಂದೇ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ತಾಪತ್ರಯ ಎಂದು ಹೇಳುವುದಕ್ಕೆ ಬಳಕೆಯಾಗುತ್ತದೆ. ‘ಅಜ್ಜಿ ಸಾಕಿದ ಮಗ ಬೊಜ್ಜಕ್ಕೂ ಬಾರ’ ಎಂಬುದು ಮುದ್ದು ಹೆಚ್ಚಾದರೆ ಮಗು ಕೆಡುತ್ತದೆ ಎಂಬ ದೂರು. ಬೊಜ್ಜ ಎಂದರೆ ಸತ್ತವರಿಗೆ ಮಾಡುವ ಉತ್ತರಕ್ರಿಯೆ, ಕರಾವಳಿಯವರಿಗೆ ಪರಿಚಿತವಾದ ಪದ. ‘ಅಜ್ಜಿ ನೂತದ್ದೆಲ್ಲ ಅಜ್ಜನ ಉಡಿದಾರಕ್ಕೆ’ ಎಂಬ ಮಾತಿನಲ್ಲಂತೂ ವರ್ಷವೆಲ್ಲ ನೂತ ನೂಲು ಗಂಡನ ಸೊಂಟ ಸುತ್ತುವುದರಲ್ಲೇ ಮುಗಿದು, ಗಳಿಸಿದ್ದೆಲ್ಲ ಅಲ್ಲಿಂದಲ್ಲಿಗೇ ಸರಿಹೋಗುವ ಸಂಸಾರದ ಚಿತ್ರವಿದೆ. ಬೊಜ್ಜ, ಗೆಜ್ಜೆ, ಮಜ್ಜಿಗೆ ಮುಂತಾದ ಪದಗಳೊಡನೆ ಸುಲಭವಾಗಿ ಪ್ರಾಸ ಕೂಡುವುದೂ ಗಾದೆ ಕಟ್ಟುವವರಿಗೆ ಅಜ್ಜಿ ಒದಗಿಬಂದದ್ದಕ್ಕೆ ಒಂದು ಕಾರಣವಿರಬೇಕು. ಇನ್ನು ಬೆಂಗಳೂರು ಮೈಸೂರ ಕಡೆಯ ‘ನಿಮ್ಮಜ್ಜಿ!’ ಎಂಬ ಉದ್ಗಾರ ಬೈಗುಳದಂತೆ ಕೇಳಿದರೂ ಬೈಗುಳವಲ್ಲ. ತಾಯಿಯ ಹೆಸರೆತ್ತಿದರೆ ಜಗಳವಾಗುತ್ತದೆ, ಅಜ್ಜಿಯ ಹೆಸರೆತ್ತಿದರೆ ನಗು ಬರುತ್ತದೆ. ಸಿಟ್ಟಿಗೂ ತಮಾಷೆಗೂ ನಡುವೆ ಬೇಕಾದ ಒಂದು ತಲೆಮಾರಿನ ಅಂತರವನ್ನು ಆ ಪದ ಒದಗಿಸುತ್ತದೆ.

ಅಜ್ಜಿಯ ತಾಯಿ ‘ಮುತ್ತಜ್ಜಿ’. ಇಲ್ಲಿರುವ ‘ಮುತ್ತ’ ಕೊರಳಿಗೆ ಹಾಕುವ ಮುತ್ತಲ್ಲ. ಮುದು, ಮುದುಕಿ, ಮುಪ್ಪು ಎಂಬ ಪದಗಳ ಬಳಗಕ್ಕೆ ಸೇರಿದ, ಹಳಬರು ಎಂಬ ಅರ್ಥದ ಮಾತು. ಉತ್ತರ ಕರ್ನಾಟಕದ ‘ಮುತ್ಯಾ’ನಲ್ಲಿರುವುದೂ ಅದೇ. ಕರಾವಳಿಯಲ್ಲಿ ಅಜ್ಜನ ಮೇಲಿನವನನ್ನು ‘ಪಿಜ್ಜ’ ಎನ್ನುತ್ತಾರೆ.

ಹೊಸ ಕಾಲದ ಪೆಟ್ಟು ನಂಟಿನ ಪದಗಳ ಮೇಲೆ ಬಿದ್ದಿರುವ ರೀತಿಯನ್ನು ನೋಡಿದರೆ, ಮೇಲೆ ಹೇಳಿದ ಎರಡು ಮೆಟ್ಟಿಲುಗಳ ವ್ಯತ್ಯಾಸ ಮತ್ತೆ ಎದುರಾಗುತ್ತದೆ. ‘ಅಂಕಲ್’ ಮತ್ತು ‘ಆಂಟಿ’ ನಗರದ ಮನೆಗಳನ್ನು ಹೊಕ್ಕು ಚಿಕ್ಕಪ್ಪ, ದೊಡ್ಡಪ್ಪ, ಮಾವ, ಚಿಕ್ಕಮ್ಮ, ಅತ್ತೆಯರನ್ನೆಲ್ಲ ಒಂದೇ ಚೀಲಕ್ಕೆ ತುಂಬಿದವು. ಎಲ್ಲಿ ಅತಿ ಹೆಚ್ಚು ಭೇದಗಳಿದ್ದವೋ ಅಲ್ಲಿಯೇ ಅತಿ ಹೆಚ್ಚು ನಷ್ಟವಾಯಿತು. ‘ಗ್ರ್ಯಾನಿ’ ಎಂಬ ಪದ ಅದೇ ಶಾಲೆಯ ಪುಸ್ತಕಗಳಲ್ಲಿ ಬಂದರೂ ಅಜ್ಜಿಯನ್ನು ಕದಲಿಸಲಾಗಲಿಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ, ತಾಯಿಯನ್ನು ‘ಮಮ್ಮಿ’ ಎಂದು ಕರೆಯುವ ಮಗುವೂ ಅಜ್ಜಿಯನ್ನು ಅಜ್ಜಿ ಎಂದೇ ಕರೆಯುವುದನ್ನು ಯಾವ ಅಪಾರ್ಟ್‌ಮೆಂಟಿನ ಅಂಗಳದಲ್ಲಾದರೂ ಕೇಳಬಹುದು. ಸರಳಗೊಳಿಸುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ. ಅಲ್ಲದೆ ಅಜ್ಜಿಗೆ ಇಂಗ್ಲಿಷ್ ಹೆಸರಿಟ್ಟರೆ ಅವಳು ಓಗೊಡಬೇಕಲ್ಲ.

ಬದಲಾವಣೆ ಬಂದದ್ದು ಇನ್ನೊಂದು ಬಾಗಿಲಿನಿಂದ. ಕನ್ನಡದ ಹುಡುಗಿ ಹಿಂದಿಯ ಹುಡುಗನನ್ನೋ, ತಮಿಳಿನ ಹುಡುಗಿ ಕನ್ನಡದ ಹುಡುಗನನ್ನೋ ಮದುವೆಯಾದ ಮನೆಗಳಲ್ಲಿ ಮಗುವಿಗೆ ಒಬ್ಬಳು ಅಜ್ಜಿ, ಇನ್ನೊಬ್ಬಳು ದಾದಿ ಅಥವಾ ಪಾಟ್ಟಿ. ಅಲ್ಲಿ ‘ಅಜ್ಜಿ ಫೋನ್ ಮಾಡಿದ್ರು’ ಎಂದು ಮಗು ಹೇಳಿದರೆ ಮರುಪ್ರಶ್ನೆ ಕೇಳಬೇಕಾಗಿಲ್ಲ. ಮದುವೆಯ ಹಳೆಯ ನಿಯಮ ಅಳಿಸಿಹಾಕಿದ್ದ ಗೆರೆಯನ್ನು, ಆ ನಿಯಮದ ಹೊರಗೆ ನಡೆದ ಮದುವೆ ಮತ್ತೆ ಎಳೆದಿದೆ. ಅಂಥ ಮನೆಯಲ್ಲಿ ಅಜ್ಜಿ ಎಂದರೆ ಕನ್ನಡದ ಕಡೆಯವರು.